ಕಾಣದ ಕೆಂಡ: ಶಿಕಾಗೋ ಮತ್ತು ಡೆಟ್ರಾಯಿಟ್ ಸೀಮೆಯ ಹೊಗೆಯಡುಗೆಯ ಇತಿಹಾಸ

ಬೇಸಿಗೆ ಕಾಲಿಟ್ಟೊಡನೆ ಶಿಕಾಗೋ ಹಾಗೂ ಡೆಟ್ರಾಯಿಟ್ ಸುತ್ತಮುತ್ತಲಿನ ಕನ್ನಡ ಕುಟುಂಬಗಳ ಹಿತ್ತಿಲುಗಳಲ್ಲಿ ಅಡುಗೆ ಆರಂಭವಾಗುತ್ತದೆ. ಹಿಂದೆ ಇದ್ದಿಲಿನ ಗ್ರಿಲ್ ಮಾತ್ರ ಇರುತ್ತಿದ್ದ ಜಾಗದಲ್ಲಿ ಈಚೆಗೆ ಎಲೆಕ್ಟ್ರಿಕ್ ಸ್ಮೋಕರ್ ಎಂಬ ಕಪಾಟಿನಾಕಾರದ ಪೆಟ್ಟಿಗೆಯೂ ಬಂದು ನಿಂತಿದೆ. ತಂತಿಯನ್ನು ಔಟ್‌ಲೆಟ್‌ಗೆ ಸಿಕ್ಕಿಸಿ, ಒಂದು ಹಿಡಿ ಮರದ ಚಕ್ಕೆಯನ್ನು ತಟ್ಟೆಗೆ ಹಾಕಿ, ಬಾಗಿಲು ಮುಚ್ಚಿದರೆ ಕೆಲವು ಗಂಟೆಗಳಲ್ಲಿ ಕೋಳಿ, ಮೀನು, ಬದನೆಕಾಯಿ, ಪನೀರ್ ಎಲ್ಲಕ್ಕೂ ಹೊಗೆಯ ಕಂಪು ಹತ್ತುತ್ತದೆ. ಊದುವ ಶ್ರಮವಿಲ್ಲ, ಕಣ್ಣುರಿಯಿಲ್ಲ, ಕೆಂಡ ಕೆದಕುವ ಗೋಜೂ ಇಲ್ಲ.

ಬೆಟ್ಟದ ಮೇಲೆ ಹೊಗೆ ಕಂಡರೆ ಅಲ್ಲಿ ಬೆಂಕಿಯಿದೆ ಎಂದು ತಿಳಿಯಬೇಕೆಂಬುದು ನಮ್ಮ ತರ್ಕಶಾಸ್ತ್ರದ ಮೊದಲ ಪಾಠ. ಆ ಪಾಠಕ್ಕೆ ಶಾಸ್ತ್ರಕಾರರು ಕೊಡುವ ದೃಷ್ಟಾಂತ ಅಡುಗೆಮನೆಯೇ. ಬೆಂಕಿಯಿಲ್ಲದೆ ಹೊಗೆಯಾಡುವುದಿಲ್ಲ ಎಂಬ ಗಾದೆಯನ್ನು ನಾವೆಲ್ಲರೂ ಕೇಳಿ ಬೆಳೆದವರು. ಆದರೂ ಎಲೆಕ್ಟ್ರಿಕ್ ಎಂಬ ಒಂದು ಪದ ಈ ಹಳೆಯ ತಿಳಿವಳಿಕೆಯನ್ನು ಮರೆಸಿಬಿಡುತ್ತದೆ. ಬೆಂಕಿ ಕಣ್ಣಿಗೆ ಕಾಣದಿರುವುದರಿಂದ ಬೆಂಕಿಯೇ ಇಲ್ಲವೆಂದು ಮನಸ್ಸು ನಂಬುತ್ತದೆ. ನಾವು ನೆಲೆಸಿರುವ ಈ ಸೀಮೆಯ ಹೊಗೆಯಡುಗೆಯ ಇತಿಹಾಸವನ್ನು ಅವಲೋಕಿಸಿದರೆ ಆ ನಂಬಿಕೆ ಎಲ್ಲಿಂದ ಬಂತು, ಅದು ಏಕೆ ಅಪಾಯಕಾರಿ ಎಂಬುದು ವಿಶದವಾಗುತ್ತದೆ.

ಮೂರು ಅಗ್ನಿಗಳ ನಾಡು

ಯೂರೋಪಿನವರು ಬರುವುದಕ್ಕೆ ಮುನ್ನ ಈ ಮಹಾಸರೋವರಗಳ ತೀರದಲ್ಲಿ ಒಜಿಬ್ವೆ, ಒಡಾವಾ ಮತ್ತು ಪೊಟವಾಟಮಿ ಜನಾಂಗಗಳು ಬಾಳುತ್ತಿದ್ದವು. ಈ ಮೂರೂ ಸೇರಿದ ಒಕ್ಕೂಟಕ್ಕೆ ‘ಮೂರು ಅಗ್ನಿಗಳ ಸಭೆ’ ಎಂದು ಹೆಸರು. ಅವರಲ್ಲಿ ಪೊಟವಾಟಮಿಗಳನ್ನು ಅಗ್ನಿಯನ್ನು ಕಾಯುವವರು ಎಂದು ಕರೆಯಲಾಗುತ್ತದೆ. ಗಾರ್ಹಪತ್ಯ, ಆಹವನೀಯ, ದಕ್ಷಿಣಾಗ್ನಿ ಎಂಬ ಮೂರು ಅಗ್ನಿಗಳ ಹೆಸರು ಕೇಳಿ ಬಲ್ಲ ನಮಗೆ ಈ ಹೋಲಿಕೆ ಸೋಜಿಗವೆನಿಸುತ್ತದೆ. ಸಂಬಂಧವೇನೂ ಇಲ್ಲ, ಆದರೆ ಒಲೆಯ ಬೆಂಕಿಯನ್ನು ಯಾರಾದರೊಬ್ಬರು ಕಾಯಲೇಬೇಕು ಎಂಬ ಅರಿವು ಎರಡೂ ಕಡೆ ಒಂದೇ.

ಸರೋವರದ ವೈಟ್‌ಫಿಶ್ ಮೀನನ್ನು ಈ ಜನರು ಮರದ ಕೋಲುಗಳ ಚಪ್ಪರದ ಮೇಲೆ ಹರಡಿ, ಕೆಳಗೆ ಸಣ್ಣ ಬೆಂಕಿಯನ್ನಿಟ್ಟು, ಹೊಗೆಯಲ್ಲಿ ಒಣಗಿಸುತ್ತಿದ್ದರು. ಇಲ್ಲಿನ ದೀರ್ಘ ಚಳಿಗಾಲವನ್ನು ದಾಟಲು ಅದೇ ಆಹಾರ. ಅವರಿಗೆ ಹೊಗೆ ರುಚಿಗಿಂತ ಮೊದಲು ಬದುಕಿನ ಆಸರೆಯಾಗಿತ್ತು. ನಿಧಾನವಾದ ಶಾಖ ಮೀನಿನ ತೇವವನ್ನು ಹೀರುತ್ತಿತ್ತು. ಹೊಗೆಯೊಳಗಿನ ರಾಸಾಯನಿಕಗಳು ಕೊಳೆಸುವ ಸೂಕ್ಷ್ಮಜೀವಿಗಳನ್ನು ತಡೆಯುತ್ತಿದ್ದವು. ಇವೆಲ್ಲವೂ ನಡೆಯುತ್ತಿದ್ದುದು ಬಯಲಿನಲ್ಲಿ, ಗಾಳಿಯಾಡುವ ಕಡೆ, ಒಬ್ಬರ ಕಣ್ಗಾವಲಿನಲ್ಲಿ.

ಬೂದಿಯಿಂದ ಎದ್ದ ನಗರಗಳು

ನಮ್ಮ ಎರಡು ನಗರಗಳೂ ಬೆಂಕಿಯ ಭಯವನ್ನು ಕಂಡುಂಡವು. 1805ರ ಜೂನ್ 11ರಂದು ಡೆಟ್ರಾಯಿಟ್‌ನ ಬೇಕರಿಯೊಬ್ಬರ ಲಾಯದಲ್ಲಿ ಹೊತ್ತಿದ ಬೆಂಕಿ ಮರದ ಮನೆಗಳ ಆ ಪುಟ್ಟ ಊರನ್ನು ಹೆಚ್ಚುಕಡಿಮೆ ಸಂಪೂರ್ಣವಾಗಿ ನುಂಗಿತು. ಅಂದು ಅಲ್ಲಿದ್ದ ಪಾದ್ರಿ ಗೇಬ್ರಿಯಲ್ ರಿಷಾರ್ ಅವರಿಗೆ ಸಲ್ಲುವ ಲ್ಯಾಟಿನ್ ನುಡಿಯೇ ಇಂದಿಗೂ ನಗರದ ಧ್ಯೇಯವಾಕ್ಯ: ಒಳಿತಿನ ನಿರೀಕ್ಷೆ ನಮಗಿದೆ, ನಗರವು ಬೂದಿಯಿಂದ ಮೇಲೇಳುವುದು ಎಂಬುದು ಅದರ ಭಾವ.

1871ರ ಅಕ್ಟೋಬರ್ 8ರ ರಾತ್ರಿ ಶಿಕಾಗೋದ ಡಿಕೋವನ್ ಬೀದಿಯ ಕೊಟ್ಟಿಗೆಯೊಂದರ ಬಳಿ ಬೆಂಕಿ ಹುಟ್ಟಿತು. ಹಸುವೊಂದು ಲಾಟೀನನ್ನು ಒದ್ದು ಉರುಳಿಸಿತೆಂಬ ಕಥೆ ಬಹುಕಾಲ ಪ್ರಚಾರದಲ್ಲಿದ್ದರೂ 1997ರಲ್ಲಿ ನಗರಸಭೆಯು ಆ ಹಸುವನ್ನೂ ಅದರ ಒಡತಿಯನ್ನೂ ದೋಷಮುಕ್ತಗೊಳಿಸಿತು. ಬೆಂಕಿ ಎರಡು ದಿನ ಉರಿಯಿತು. ಸುಮಾರು 300 ಮಂದಿ ಸತ್ತರು. ಸುಮಾರು 1,00,000 ಜನ ಮನೆ ಕಳೆದುಕೊಂಡರು. ಕೊಟ್ಟಿಗೆ ಇದ್ದ ಜಾಗದಲ್ಲಿ ಇಂದು ಶಿಕಾಗೋ ಅಗ್ನಿಶಾಮಕ ದಳದ ತರಬೇತಿ ಶಾಲೆಯಿದೆ. ಪ್ರತಿವರ್ಷ ಅಕ್ಟೋಬರ್ ತಿಂಗಳಲ್ಲಿ ನಮ್ಮ ಮಕ್ಕಳು ಶಾಲೆಯಿಂದ ಕೆಂಪು ಟೋಪಿ ಧರಿಸಿ ಬರುವ ಅಗ್ನಿ ಸುರಕ್ಷತಾ ಸಪ್ತಾಹವೂ ಈ ದುರಂತದ ಸ್ಮರಣೆಯಿಂದಲೇ ಬಂದದ್ದು.

ಹೊಗೆಯಿಂದ ಹಿಮಕ್ಕೆ

1865ರ ಕ್ರಿಸ್‌ಮಸ್ ದಿನ ಶಿಕಾಗೋದಲ್ಲಿ ಯೂನಿಯನ್ ಸ್ಟಾಕ್ ಯಾರ್ಡ್ಸ್ ಎಂಬ ಬೃಹತ್ ಜಾನುವಾರು ಸಂತೆ ತೆರೆಯಿತು. ರೈಲಿನಲ್ಲಿ ಬಂದಿಳಿದ ಪ್ರಾಣಿಗಳು ಅಲ್ಲಿ ಮಾಂಸವಾಗಿ ದೇಶದ ಉದ್ದಗಲಕ್ಕೂ ಹೋಗುತ್ತಿದ್ದವು. ಆರಂಭದಲ್ಲಿ ಮಾಂಸವನ್ನು ಕೆಡದಂತೆ ಉಳಿಸಲು ಇದ್ದ ಉಪಾಯಗಳು ಉಪ್ಪು ಮತ್ತು ಹೊಗೆ. ಈ ಸ್ಥಿತಿಯನ್ನು ಬದಲಿಸಿದ ಮುಖ್ಯರಲ್ಲಿ ಡೆಟ್ರಾಯಿಟ್‌ನ ಮೀನು ವ್ಯಾಪಾರಿ ವಿಲಿಯಂ ಡೇವಿಸ್ ಒಬ್ಬರು. 1868ರಲ್ಲಿ ಅವರು ಮಂಜುಗಡ್ಡೆಯಿಂದ ತಂಪುಗೊಳಿಸಿದ ರೈಲ್ವೆ ಬೋಗಿಗೆ ಪೇಟೆಂಟ್ ಪಡೆದರು. ಡೆಟ್ರಾಯಿಟ್‌ನವರೇ ಆದ ಮಾಂಸ ವ್ಯಾಪಾರಿ ಜಾರ್ಜ್ ಹ್ಯಾಮಂಡ್ ಅದನ್ನು ಬಳಕೆಗೆ ತಂದರು. ಶಿಕಾಗೋ ಪಕ್ಕದ ಹ್ಯಾಮಂಡ್ ಊರಿಗೆ ಅವರದೇ ಹೆಸರು. 1880ರ ಆಸುಪಾಸಿನಲ್ಲಿ ಶಿಕಾಗೋದ ಗುಸ್ಟಾವಸ್ ಸ್ವಿಫ್ಟ್ ತಂಪು ಬೋಗಿಗಳ ಬಳಕೆಯನ್ನು ವಿಸ್ತರಿಸಿದರು.

ಈ ಬದಲಾವಣೆಯ ಅರ್ಥ ದೊಡ್ಡದು. ಆಹಾರವನ್ನು ಕಾಪಾಡುವ ಹೊಣೆ ಹೊಗೆಯಿಂದ ಹಿಮಕ್ಕೆ ದಾಟಿತು. ಹೊಗೆಗೆ ಉಳಿದದ್ದು ರುಚಿಯ ಕೆಲಸ. ಇಂದು ನಮ್ಮ ಸ್ಮೋಕರ್‌ನಿಂದ ಹೊರಬರುವ ಕೋಳಿ ವಾರಗಟ್ಟಲೆ ಹೊಗೆಯಲ್ಲಿ ಒಣಗಿದ ಮಾಂಸವಲ್ಲ. ಹೊಗೆಯ ಪರಿಮಳ ಹತ್ತಿದ ಬೇಯಿಸಿದ ಅಡುಗೆ. ಅದು ಬೇರೆ ಯಾವುದೇ ಅಡುಗೆಯಷ್ಟೇ ಬೇಗ ಕೆಡುತ್ತದೆ. ಹೊಗೆ ಹಾಕಿದ್ದು ಕೆಡುವುದಿಲ್ಲ ಎಂಬ ಅಜ್ಜಿಯ ಕಾಲದ ಮಾತು ಈ ಪೆಟ್ಟಿಗೆಗೆ ಅನ್ವಯಿಸುವುದಿಲ್ಲ.

ಸ್ಟಾಕ್ ಯಾರ್ಡ್ಸ್‌ನ ಕೊಳಕನ್ನು ಅಪ್ಟನ್ ಸಿಂಕ್ಲೇರ್ ತಮ್ಮ ‘ದಿ ಜಂಗಲ್’ ಕಾದಂಬರಿಯಲ್ಲಿ ಬಯಲಿಗೆಳೆದರು. ಅದು ಪುಸ್ತಕವಾಗಿ ಬಂದ 1906ರಲ್ಲೇ ಮಾಂಸ ತಪಾಸಣೆಯ ಕಾಯಿದೆ ಜಾರಿಯಾಯಿತು. 1910ರ ಡಿಸೆಂಬರ್‌ನಲ್ಲಿ ಅಲ್ಲಿನ ಉಗ್ರಾಣವೊಂದಕ್ಕೆ ಬಿದ್ದ ಬೆಂಕಿಯನ್ನು ನಂದಿಸಲು ಹೋದ 21 ಅಗ್ನಿಶಾಮಕ ಸಿಬ್ಬಂದಿ, ತಮ್ಮ ಮುಖ್ಯಸ್ಥ ಜೇಮ್ಸ್ ಹೋರನ್ ಸಹಿತ, ಗೋಡೆ ಕುಸಿದು ಪ್ರಾಣ ತೆತ್ತರು. ಇಲ್ಲಿನ ಸುರಕ್ಷತಾ ನಿಯಮಗಳು ಇಂಥ ಸಾವುಗಳ ಹಿನ್ನೆಲೆಯಲ್ಲಿ ರೂಪುಗೊಂಡವು ಎಂಬುದನ್ನು ನಾವು ನೆನಪಿಡಬೇಕು.

ಇಪ್ಪತ್ತನೆಯ ಶತಮಾನದಲ್ಲಿ ದಕ್ಷಿಣದ ರಾಜ್ಯಗಳಿಂದ ಲಕ್ಷಾಂತರ ಕರಿಯ ಅಮೆರಿಕನ್ನರು ಕೆಲಸವನ್ನರಸಿ ಶಿಕಾಗೋ, ಡೆಟ್ರಾಯಿಟ್‌ಗಳಿಗೆ ಬಂದರು. ಮಂದ ಬೆಂಕಿಯಲ್ಲಿ ಮಾಂಸ ಬೇಯಿಸುವ ಬಾರ್ಬೆಕ್ಯೂ ವಿದ್ಯೆ ಅವರೊಡನೆ ಬಂತು. ಶಿಕಾಗೋದ ದಕ್ಷಿಣ ಭಾಗದಲ್ಲಿ ಅದು ಗಾಜಿನ ಗೋಡೆಯ ದೊಡ್ಡ ಹೊಗೆಗೂಡುಗಳಾಗಿ ನೆಲೆಯೂರಿತು. 95ನೇ ಬೀದಿಯ ಸೇತುವೆಯ ಬದಿಯಲ್ಲಿರುವ ಕ್ಯಾಲುಮೆಟ್ ಫಿಶರೀಸ್ ಅಂಗಡಿ ಕಟ್ಟಿಗೆಯ ಹೊಗೆಯಲ್ಲಿ ಮೀನು ಸಿದ್ಧಪಡಿಸುವುದಕ್ಕೆ ಪ್ರಸಿದ್ಧ. ಅದರ ಹೊಗೆಮನೆ ಅಂಗಡಿಯಿಂದ ಪ್ರತ್ಯೇಕವಾಗಿ ನಿಂತಿದೆ. ಊರಿನಿಂದ ಬಂದವರು ಊರಿನ ರುಚಿಯನ್ನು ಹೊಸ ನೆಲದಲ್ಲಿ ಉಳಿಸಿಕೊಳ್ಳುವ ಹಂಬಲವನ್ನು ನಮಗೆ ಯಾರೂ ವಿವರಿಸಬೇಕಿಲ್ಲ.

ಬೆಂಕಿ ಹಿತ್ತಿಲಿಗೆ ಬಂದದ್ದು

ವ್ಯಾಪಾರಿಯ ಹೊಗೆಗೂಡಿನಿಂದ ಗೃಹಸ್ಥನ ಹಿತ್ತಿಲಿಗೆ ಬೆಂಕಿ ಬರುವುದಕ್ಕೆ ಕಾರಣವಾದ ಎರಡು ವಸ್ತುಗಳಿಗೂ ನಮ್ಮ ನಗರಗಳ ನಂಟಿದೆ. ಮೊದಲನೆಯದು ಇದ್ದಿಲಿನ ಉಂಡೆ. ಹೆನ್ರಿ ಫೋರ್ಡ್ ಅವರ ಮಾಡೆಲ್ ಟಿ ಕಾರಿನಲ್ಲಿ ಮರದ ಭಾಗಗಳು ಹೇರಳವಾಗಿದ್ದವು. ಮಿಷಿಗನ್ನಿನ ಉತ್ತರದ ಐರನ್ ಮೌಂಟನ್ ಬಳಿಯ ಅವರ ಸಾಮಿಲ್‌ಗಳಲ್ಲಿ ರಾಶಿ ಬೀಳುತ್ತಿದ್ದ ಮರದ ಚೂರನ್ನು ವ್ಯರ್ಥ ಮಾಡದೆ, 1920ರ ದಶಕದಲ್ಲಿ ಅದನ್ನು ಇದ್ದಿಲಾಗಿಸಿ ಅಚ್ಚೊತ್ತಿ ಮಾರುವ ಕಾರ್ಖಾನೆಯನ್ನು ಅವರು ನಡೆಸಿದರು. ಇದ್ದಿಲುಂಡೆಗೆ ಪೇಟೆಂಟ್ ಅದಕ್ಕೂ ಮೊದಲೇ, 1897ರಲ್ಲಿ, ಪೆನ್ಸಿಲ್ವೇನಿಯದ ಎಲ್ಸ್‌ವರ್ತ್ ಜ್ವಾಯರ್ ಅವರಿಗೆ ದೊರೆತಿತ್ತು. ಅದನ್ನು ಮನೆಮನೆಯ ವಸ್ತುವನ್ನಾಗಿಸುವುದರಲ್ಲಿ ಫೋರ್ಡ್ ಪಾತ್ರ ದೊಡ್ಡದು. ಫೋರ್ಡ್ ಕಾರಿನ ಮಾರಾಟಗಾರರ ಬಳಿಯೇ ಇದ್ದಿಲೂ ಸಿಗುತ್ತಿತ್ತು. 1951ರಲ್ಲಿ ಆ ಉದ್ಯಮ ಕೈಬದಲಾಯಿಸಿ ಕಿಂಗ್ಸ್‌ಫರ್ಡ್ ಎಂಬ ಹೆಸರು ಪಡೆಯಿತು.

ಎರಡನೆಯದು ಮುಚ್ಚಳವಿರುವ ಗ್ರಿಲ್. ಶಿಕಾಗೋದ ವೆಬರ್ ಬ್ರದರ್ಸ್ ಮೆಟಲ್ ವರ್ಕ್ಸ್ ಎಂಬ ಲೋಹದ ಕಾರ್ಖಾನೆಯಲ್ಲಿ ಮಿಷಿಗನ್ ಸರೋವರಕ್ಕೆ ಬೇಕಾದ ತೇಲುಬುರುಡೆಗಳು ತಯಾರಾಗುತ್ತಿದ್ದವು. ಅಲ್ಲಿದ್ದ ಜಾರ್ಜ್ ಸ್ಟೀಫನ್ ಅವರಿಗೆ ಗಾಳಿ, ಬೂದಿಗಳಿಂದ ತೆರೆದ ಗ್ರಿಲ್‌ನ ಅಡುಗೆ ಹಾಳಾಗುವುದು ಸಾಕಾಗಿತ್ತು. 1952ರಲ್ಲಿ ಅಂಥ ಗೋಳವೊಂದನ್ನು ಎರಡು ಭಾಗ ಮಾಡಿ ಕಾಲು, ಹಿಡಿಕೆ, ಗಾಳಿಕಂಡಿಗಳನ್ನು ಜೋಡಿಸಿ ಅವರು ಹೊಸ ಗ್ರಿಲ್ ರೂಪಿಸಿದರು. ಮುಚ್ಚಳ ಹಾಕಿದಾಗ ಶಾಖ, ಹೊಗೆಗಳೆರಡೂ ಒಳಗೆ ಸುತ್ತತೊಡಗಿದವು. ಬೆಂಕಿ ಮರೆಯಾಗುವ ದಾರಿಯಲ್ಲಿ ಇದು ಮೊದಲ ಹೆಜ್ಜೆ.

ತಂತಿಯೊಳಗಿನ ಶಾಖ

ಸ್ವಾಮಿ ವಿವೇಕಾನಂದರು ಶಿಕಾಗೋದಲ್ಲಿ ಮಾತನಾಡಿದ 1893ರಲ್ಲೇ, ಅದೇ ನಗರದ ವಿಶ್ವಮೇಳದಲ್ಲಿ ವಿದ್ಯುತ್ತಿನಿಂದ ನಡೆಯುವ ಮಾದರಿ ಅಡುಗೆಮನೆಯೊಂದನ್ನು ಪ್ರದರ್ಶಿಸಲಾಗಿತ್ತು. ಜನ ಬೆರಗಾಗಿ ನೋಡಿದರು, ಮನೆಗೆ ತರಲಾಗಲಿಲ್ಲ. ಕೆಂಪಗೆ ಕಾದು, ಗಾಳಿಗೆ ಒಡ್ಡಿಕೊಂಡೂ ಬಹುಕಾಲ ಬಾಳುವ ಅಗ್ಗದ ತಂತಿ ಆಗ ಇರಲಿಲ್ಲ.

ಆ ತಂತಿ ಸಿಕ್ಕಿದ್ದೂ ಶಿಕಾಗೋದಲ್ಲೇ. ರಸಾಯನಶಾಸ್ತ್ರಜ್ಞ ವಿಲಿಯಂ ಹಾಸ್ಕಿನ್ಸ್ ಅವರ ಪ್ರಯೋಗಾಲಯದಲ್ಲಿ ಕೆಲಸ ಮಾಡುತ್ತಿದ್ದ, ಇಲಿನಾಯ್ ರಾಜ್ಯದವರೇ ಆದ ಆಲ್ಬರ್ಟ್ ಮಾರ್ಷ್ 1905ರಲ್ಲಿ ನಿಕಲ್ ಮತ್ತು ಕ್ರೋಮಿಯಂಗಳ ಮಿಶ್ರಲೋಹವೊಂದನ್ನು ಸಾಧಿಸಿದರು. 1906ರ ಫೆಬ್ರವರಿಯಲ್ಲಿ ಅದಕ್ಕೆ ಪೇಟೆಂಟ್ ಬಂತು. ಸುಮಾರು 80 ಪಾಲು ನಿಕಲ್, 20 ಪಾಲು ಕ್ರೋಮಿಯಂ ಇರುವ ಇಂಥ ಲೋಹವನ್ನು ನಾವು ಇಂದು ನಿಕ್ರೋಮ್ ಎನ್ನುತ್ತೇವೆ. ಅದು ವಿದ್ಯುತ್ ಪ್ರವಾಹಕ್ಕೆ ಹೆಚ್ಚು ತಡೆಯೊಡ್ಡುವುದರಿಂದ ಚೆನ್ನಾಗಿ ಕಾಯುತ್ತದೆ. ಕಾದಾಗ ಮೈಮೇಲೆ ಕ್ರೋಮಿಯಂ ಆಕ್ಸೈಡಿನ ತೆಳುಪೊರೆ ಬೆಳೆದು ಒಳಗಿನ ಲೋಹವನ್ನು ಕಾಪಾಡುತ್ತದೆ. ಹಾಸ್ಕಿನ್ಸ್ ಕಂಪನಿ ಡೆಟ್ರಾಯಿಟ್‌ಗೆ ಸ್ಥಳಾಂತರಗೊಂಡು ಈ ತಂತಿಯನ್ನು ಅಲ್ಲಿಂದ ತಯಾರಿಸಿತು. ಟೋಸ್ಟರ್, ಇಸ್ತ್ರಿಪೆಟ್ಟಿಗೆ, ಹೀಟರ್, ಇಂದಿನ ಸ್ಮೋಕರ್ ಎಲ್ಲವೂ ಈ ಆವಿಷ್ಕಾರದ ಸಂತತಿ. ಶಿಕಾಗೋದಲ್ಲಿ ಹುಟ್ಟಿ ಡೆಟ್ರಾಯಿಟ್‌ನಲ್ಲಿ ಬೆಳೆದ ಕೂಸೇ ನಮ್ಮ ಹಿತ್ತಿಲಿನ ಪೆಟ್ಟಿಗೆಯ ಹೃದಯ.

ಕಾಲದ ಒಂದು ಹೊಂದಿಕೆಯನ್ನು ಇಲ್ಲಿ ಗಮನಿಸಬಹುದು. ಶಿವನಸಮುದ್ರದ ಜಲವಿದ್ಯುತ್ 1902ರಲ್ಲಿ ಕೋಲಾರದ ಚಿನ್ನದ ಗಣಿಗೆ ಹರಿಯಿತು. 1905ರಲ್ಲಿ ಬೆಂಗಳೂರಿನ ಬೀದಿಗಳಿಗೆ ವಿದ್ಯುದ್ದೀಪ ಬಂತು. ಮಾರ್ಷ್ ತಮ್ಮ ಲೋಹವನ್ನು ಕಾಯಿಸಿ ಪರೀಕ್ಷಿಸುತ್ತಿದ್ದ ವರ್ಷವೇ ನಮ್ಮ ಹಿರಿಯರು ಎಣ್ಣೆಯಿಲ್ಲದೆ ಉರಿಯುವ ದೀಪವನ್ನು ತಲೆಯೆತ್ತಿ ನೋಡುತ್ತಿದ್ದರು.

ನಮ್ಮ ಅಟ್ಟದ ಹೊಗೆ

ಹೊಗೆಯ ಉಪಯೋಗ ನಮಗೆ ಅಮೆರಿಕ ಕಲಿಸಿದ್ದಲ್ಲ. ಮಲೆನಾಡಿನ ಹಳೆಯ ಮನೆಗಳಲ್ಲಿ ಒಲೆಯ ನೇರಕ್ಕೆ ಮೇಲೆ ಅಟ್ಟವಿರುತ್ತಿತ್ತು. ಬಿತ್ತನೆಗೆ ಇಟ್ಟ ಬೀಜ, ಬುಟ್ಟಿ, ಮೊರಗಳು ಅಲ್ಲಿನ ಹೊಗೆಯಲ್ಲಿ ಹುಳು ಹಿಡಿಯದೆ ಉಳಿಯುತ್ತಿದ್ದವು. ಕೊಡಗಿನಲ್ಲಿ ಹಂದಿಮಾಂಸವನ್ನು ಒಲೆಯ ಮೇಲೆ ತೂಗುಹಾಕಿ ಮಳೆಗಾಲಕ್ಕೆ ಒಣಗಿಸಿಡುತ್ತಿದ್ದರು. ಉತ್ತರ ಕನ್ನಡದ ಕಾಡಂಚಿನಲ್ಲಿ ಮಳೆಗಾಲದಲ್ಲಿ ಹಣ್ಣಾಗುವ ಉಪ್ಪಾಗೆಯ ಸಿಪ್ಪೆ ಬಿಸಿಲಿಗೆ ಒಣಗದು. ಹೊಗೆಯ ಗೂಡಿನಲ್ಲಿಯೇ ಅದನ್ನು ಒಣಗಿಸಬೇಕು.

ಆ ಹೊಗೆ ಮನೆಯೊಳಗೇ ಇತ್ತಲ್ಲ, ಅಂದಮೇಲೆ ಇಲ್ಲಿ ಗ್ಯಾರೇಜಿನಲ್ಲಿ ಇಟ್ಟರೇನು ಎಂಬ ಪ್ರಶ್ನೆ ಸಹಜ. ಉತ್ತರ ಮನೆಯ ರಚನೆಯಲ್ಲಿದೆ. ಹೆಂಚಿನ ಮಾಡಿನ ಸಂದುಗಳಿಂದ ಹೊಗೆ ನುಸುಳಿ ಹೋಗುತ್ತಿತ್ತು. ಗೋಡೆಯ ಬೆಳಕಿಂಡಿ, ತೆರೆದ ಹಿತ್ತಿಲ ಬಾಗಿಲುಗಳಿಂದ ಗಾಳಿ ಓಡಾಡುತ್ತಿತ್ತು. ಆ ಮನೆ ಉಸಿರಾಡುತ್ತಿತ್ತು. ಹಿಮಗಾಲದ ಚಳಿಗಾಳಿ ಒಂದಿಷ್ಟೂ ಒಳನುಗ್ಗದಂತೆ ಕಟ್ಟಿದ ಇಲ್ಲಿನ ಮನೆಯಲ್ಲಿ ಒಳಗಿನ ಗಾಳಿಯೂ ಸುಲಭವಾಗಿ ಹೊರಹೋಗದು. ಮೇಲಾಗಿ ಆ ಹಳೆಯ ಅಡುಗೆಮನೆಯೂ ನಿರಪಾಯವಾಗಿರಲಿಲ್ಲ. ಊದುಕೊಳವೆ ಹಿಡಿದು ಒಲೆಯ ಮುಂದೆ ಕುಳಿತ ನಮ್ಮ ಅಜ್ಜಿಯರ ಕಣ್ಣು, ಎದೆಗಳು ಅದರ ಬೆಲೆ ತೆತ್ತವು. 1974ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೊ. ಅಮೂಲ್ಯ ಕೆ. ಎನ್. ರೆಡ್ಡಿ ಅವರ ಮುಂದಾಳತ್ವದಲ್ಲಿ ಆರಂಭವಾದ ಅಸ್ತ್ರ ಕೇಂದ್ರವು ಹೊಗೆಯನ್ನು ಕೊಳವೆಯ ಮೂಲಕ ಹೊರಗಟ್ಟುವ ಅಸ್ತ್ರ ಒಲೆಯನ್ನು ರೂಪಿಸಿದ್ದು ಈ ಕಷ್ಟವನ್ನು ಕಂಡೇ. ಹೊಗೆ ಮನೆಯಿಂದಾಚೆ ಹೋಗಬೇಕೆಂಬುದನ್ನು ನಮ್ಮ ನಾಡಿನ ವಿಜ್ಞಾನಿಗಳೇ ಕಲಿಸಿದ್ದಾರೆ.

ಹೊಗೆಯೊಳಗಿನ ವೈರಿ

ಎಲೆಕ್ಟ್ರಿಕ್ ಸ್ಮೋಕರ್‌ನಲ್ಲಿ ಶಾಖ ಕೊಡುವುದು ತಂತಿ. ಹೊಗೆ ಕೊಡುವುದು ಮರದ ಚಕ್ಕೆ. ಆ ಚಕ್ಕೆ ಜ್ವಾಲೆಯಿಲ್ಲದೆ ಕನಲುತ್ತದೆ. ಸಾಕಷ್ಟು ಆಮ್ಲಜನಕ ಸಿಗದೆ ಕನಲುವ ಯಾವ ಮರವೂ ಕಾರ್ಬನ್ ಮೊನಾಕ್ಸೈಡ್ ಅನಿಲವನ್ನು ಹೊರಬಿಡುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಲವಾಗಿ ಈ ಅನಿಲವನ್ನು ಹಿಡಿದುಕೊಳ್ಳುತ್ತದೆ. ತಲೆನೋವು, ತಲೆಸುತ್ತು, ವಾಕರಿಕೆ, ಮಂಕು ಇವು ಮೊದಲ ಲಕ್ಷಣಗಳು. ಮಲಗಿದ್ದವರಿಗೆ ಆ ಲಕ್ಷಣಗಳೂ ತಿಳಿಯದೆ ಹೋಗಬಹುದು.

ಆದುದರಿಂದ ಸ್ಮೋಕರ್ ಮನೆಯೊಳಗೆ ಬೇಡ, ನೆಲಮಾಳಿಗೆಯಲ್ಲಿ ಬೇಡ, ಗ್ಯಾರೇಜಿನಲ್ಲೂ ಬೇಡ. ಗ್ಯಾರೇಜಿನ ಬಾಗಿಲು ಪೂರ್ತಿ ತೆರೆದಿದ್ದರೂ ಬೇಡ. ಗಾಳಿಯ ದಿಕ್ಕು ತಿರುಗಿದರೆ ಅನಿಲ ಮನೆಯೊಳಕ್ಕೇ ಬರುತ್ತದೆ. ನವೆಂಬರಿನ ಮಳೆಯಲ್ಲೋ ಜನವರಿಯ ಹಿಮದಲ್ಲೋ ಅತಿಥಿಗಳು ಬಂದಿರುವಾಗ ಪೆಟ್ಟಿಗೆಯನ್ನು ಒಳಗೆಳೆಯುವ ಆಸೆ ಹುಟ್ಟುತ್ತದೆ. ಅಂದು ಒಲೆಯ ಮೇಲಿನ ಸಾರು ಸಾಕು.

1994ರಲ್ಲಿ ಶಿಕಾಗೋ ನಗರವು ಮನೆಗಳಲ್ಲಿ ಕಾರ್ಬನ್ ಮೊನಾಕ್ಸೈಡ್ ಸೂಚಕವನ್ನು ಕಡ್ಡಾಯಗೊಳಿಸಿತು. 2007ರ ಜನವರಿ 1ರಿಂದ ಇಲಿನಾಯ್ ರಾಜ್ಯದ ಕಾಯಿದೆಯು ಮಲಗುವ ಪ್ರತಿ ಕೋಣೆಯಿಂದ 15 ಅಡಿಯೊಳಗೆ ಇಂಥ ಸೂಚಕ ಇರಬೇಕೆಂದು ವಿಧಿಸಿತು. ಮಿಷಿಗನ್ನಿನ ನಮ್ಮ ಸದಸ್ಯರೂ ಇದೇ ಅಳತೆಯನ್ನು ಪಾಲಿಸುವುದು ಒಳಿತು. ಸೂಚಕ ಕೂಗಿದರೆ ಕಾರಣ ಹುಡುಕುತ್ತ ನಿಲ್ಲದೆ ಎಲ್ಲರನ್ನೂ ಹೊರಗೆ ಕರೆದೊಯ್ದು 911ಕ್ಕೆ ಕರೆ ಮಾಡಬೇಕು.

ನಿಲ್ಲಿಸುವ ಮತ್ತು ನಡೆಸುವ ಕ್ರಮ

ಇತಿಹಾಸ ಕಲಿಸಿದ್ದನ್ನು ಹಿತ್ತಿಲಿಗೆ ಅನ್ವಯಿಸೋಣ. ಸ್ಮೋಕರ್ ನಿಲ್ಲಿಸಲು ಕಾಂಕ್ರೀಟ್ ಅಥವಾ ಕಲ್ಲುಹಾಸಿನ ಸಮತಟ್ಟಾದ ನೆಲ ಉತ್ತಮ. ಮನೆಯ ಗೋಡೆ, ಬೇಲಿ, ಮರದ ಡೆಕ್‌ನ ಕಟಾಂಜನ, ತಗ್ಗಿದ ಕೊಂಬೆ ಇವುಗಳಿಂದ 10 ಅಡಿ ದೂರವಿದ್ದರೆ ನಿಶ್ಚಿಂತೆ. ತಯಾರಕರ ಪುಸ್ತಿಕೆ ಹೆಚ್ಚಿನ ಅಂತರ ಹೇಳಿದ್ದರೆ ಅದನ್ನೇ ಪಾಲಿಸಬೇಕು. ವಿನೈಲ್ ಹೊದಿಕೆಯ ಗೋಡೆ ಬೆಂಕಿಯಿಲ್ಲದೆಯೂ ಶಾಖಕ್ಕೆ ಕರಗುತ್ತದೆ. ಕಿಟಕಿಯ ಕೆಳಗೆ ಅಥವಾ ಮನೆಯೊಳಕ್ಕೆ ಗಾಳಿ ಎಳೆಯುವ ಕಂಡಿಯ ಬಳಿ ನಿಲ್ಲಿಸಬಾರದು. ಅಪಾರ್ಟ್‌ಮೆಂಟ್ ಅಥವಾ ಟೌನ್‌ಹೌಸ್‌ನಲ್ಲಿ ಇರುವವರು ಊರಿನ ಅಗ್ನಿ ನಿಯಮವನ್ನೂ ಬಾಡಿಗೆ ಕರಾರನ್ನೂ ಓದಿಕೊಂಡ ನಂತರವೇ ಕೊಳ್ಳುವುದು ಲೇಸು.

ಎರಡನೆಯದು ವಿದ್ಯುತ್ತು. ಬಯಲಿನಲ್ಲಿ ತೇವವೂ ವಿದ್ಯುತ್ತೂ ಕೂಡಿದರೆ ಪ್ರಾಣಾಪಾಯ. ಕ್ಯಾಲಿಫೋರ್ನಿಯ ವಿಶ್ವವಿದ್ಯಾಲಯದ ಬರ್ಕ್ಲಿಯಲ್ಲಿ ಪ್ರಾಧ್ಯಾಪಕರಾಗಿದ್ದ ಚಾರ್ಲ್ಸ್ ಡಾಲ್ಜಿಯಲ್ ವಿದ್ಯುದಾಘಾತವು ಮನುಷ್ಯ ದೇಹಕ್ಕೆ ಏನು ಮಾಡುತ್ತದೆಂಬುದನ್ನು ಅಧ್ಯಯನ ಮಾಡಿ 1961ರಲ್ಲಿ ಒಂದು ರಕ್ಷಕ ಸಾಧನವನ್ನು ರೂಪಿಸಿದರು. ಅದೇ ಇಂದಿನ ಜಿಎಫ್‌ಸಿಐ ಔಟ್‌ಲೆಟ್. ಹೋದಷ್ಟು ವಿದ್ಯುತ್ತು ಮರಳಿ ಬಾರದೆ ಸುಮಾರು 5 ಮಿಲಿ ಆಂಪಿಯರ್ ಸೋರಿದರೂ ಅದು ಕ್ಷಣಾರ್ಧದಲ್ಲಿ ಕಡಿದುಹಾಕುತ್ತದೆ. 1970ರ ದಶಕದಿಂದ ಹೊಸ ಮನೆಗಳ ಹೊರಾಂಗಣ ಔಟ್‌ಲೆಟ್‌ಗಳಿಗೆ ಇದು ಕಡ್ಡಾಯವಾಗುತ್ತ ಬಂತು. ಹಳೆಯ ಮನೆಗಳಲ್ಲಿ ಇರಲಾರದು. ಇಲ್ಲದಿದ್ದರೆ ಎಲೆಕ್ಟ್ರಿಷಿಯನ್‌ನಿಂದ ಹಾಕಿಸಬೇಕು. ಇದ್ದರೆ, ತಿಂಗಳಿಗೊಮ್ಮೆ ಅದರ ಪರೀಕ್ಷಾ ಗುಂಡಿಯನ್ನು ಒತ್ತಿ ನೋಡಬೇಕು.

800 ವ್ಯಾಟ್‌ನ ಸ್ಮೋಕರ್ 120 ವೋಲ್ಟಿನಲ್ಲಿ 7 ಆಂಪಿಯರ್‌ನಷ್ಟು ಎಳೆಯುತ್ತದೆ. 1500 ವ್ಯಾಟ್‌ನದು 12.5 ಆಂಪಿಯರ್. ಅದೂ ಗಂಟೆಗಟ್ಟಲೆ. ದೀಪಾವಳಿಯ ದೀಪದ ಸರಕ್ಕೆ ಬಳಸುವ ತೆಳು ಎಕ್ಸ್‌ಟೆನ್ಷನ್ ಕಾರ್ಡ್ ಇದಕ್ಕೆ ತಡೆಯದು. ಒಳಗೊಳಗೇ ಕಾದು ಹೊದಿಕೆ ಕರಗುತ್ತದೆ. ನೇರವಾಗಿ ಔಟ್‌ಲೆಟ್‌ಗೆ ಸಿಕ್ಕಿಸುವುದೇ ಸರಿ. ಪುಸ್ತಿಕೆ ಅನುಮತಿಸಿದ್ದರೆ ಮಾತ್ರ, ಹೊರಾಂಗಣ ಬಳಕೆಯ, ಮೂರು ಕಡ್ಡಿಯ, ದಪ್ಪನೆಯ ಗಿಡ್ಡ ಕಾರ್ಡ್ ಬಳಸಬಹುದು. ಮಳೆಯಲ್ಲಿ ಬಳಸಬಾರದು. ತಂತಿ ಮಕ್ಕಳು ಓಡಾಡುವ ದಾರಿಗೆ ಅಡ್ಡ ಬೀಳಬಾರದು.

ಹೊಸ ಪೆಟ್ಟಿಗೆಯನ್ನು ಮೊದಲ ಬಾರಿಗೆ ಆಹಾರವಿಲ್ಲದೆ ಪುಸ್ತಿಕೆ ಹೇಳಿದಷ್ಟು ಹೊತ್ತು ಕಾಯಿಸಿ, ಕಾರ್ಖಾನೆಯ ಎಣ್ಣೆ, ವಾಸನೆಗಳನ್ನು ಕಳೆಯಬೇಕು. ಹೊಸ ಬಾಣಲೆಯನ್ನು ಪಳಗಿಸುವಂತೆಯೇ ಇದೂ ಸಂಸ್ಕಾರ. ಚಕ್ಕೆ ಸೇಬು, ಚೆರಿ, ಹಿಕರಿ ಇಂಥ ಮರದ್ದಾಗಿರಲಿ. ಚೆರಿ ಮತ್ತು ಸೇಬಿಗೆ ಮಿಷಿಗನ್ ಹೆಸರಾದ ರಾಜ್ಯ. ಬಣ್ಣ ಬಳಿದ ಅಥವಾ ರಾಸಾಯನಿಕ ಹಾಕಿದ ಹಲಗೆಯ ತುಂಡು ವಿಷ. ಒಮ್ಮೆಗೆ ಒಂದು ಹಿಡಿ ಸಾಕು. ಒಳಗೆ ಜ್ವಾಲೆ ಎದ್ದಂತೆ ಕಂಡರೆ ಬಾಗಿಲು ತೆರೆಯಬಾರದು; ತೆರೆದರೆ ಗಾಳಿ ನುಗ್ಗಿ ಉರಿ ಹೊರಚಿಮ್ಮುತ್ತದೆ. ಬಾಗಿಲು ಮುಚ್ಚಿದಂತೆಯೇ ಪ್ಲಗ್ ಕಳಚಿ, ದೂರ ನಿಂತು, ಆರಲು ಬಿಡಬೇಕು, ಆರದಿದ್ದರೆ 911. ನೀರು ಎರಚುವುದು ಸಲ್ಲದು. ಕೊಬ್ಬು ತೊಟ್ಟಿಕ್ಕುವ ತಟ್ಟೆಯನ್ನು ಪ್ರತಿ ಸಲವೂ ತೊಳೆಯಬೇಕು. ಚಕ್ಕೆಯ ಬೂದಿ ಪೂರ್ತಿ ತಣ್ಣಗಾಗುವ ತನಕ ಕಸದ ಡಬ್ಬಿಗೆ ಹೋಗಬಾರದು.

ಮೂರನೆಯದು ಆಹಾರ. ಫ್ರೀಜರಿನ ಗಟ್ಟಿ ಮಾಂಸವನ್ನು ನೇರವಾಗಿ ಒಳಗಿಡದೆ ಫ್ರಿಜ್‌ನಲ್ಲಿ ಪೂರ್ತಿ ಕರಗಿಸಿರಬೇಕು. 40ರಿಂದ 140 ಡಿಗ್ರಿ ಫ್ಯಾರನ್‌ಹೀಟ್ ನಡುವೆ ಸೂಕ್ಷ್ಮಜೀವಿಗಳು ವೇಗವಾಗಿ ಬೆಳೆಯುತ್ತವೆ. ಆದ್ದರಿಂದ ಪೆಟ್ಟಿಗೆಯ ಶಾಖ 225ರಿಂದ 300 ಡಿಗ್ರಿಯೊಳಗಿರಲಿ. ಹೊಗೆಯ ಬಣ್ಣ ನೋಡಿ ಬೆಂದಿದೆಯೆಂದು ತೀರ್ಮಾನಿಸಲಾಗದು. ಥರ್ಮಾಮೀಟರ್ ಚುಚ್ಚಿ ನೋಡಬೇಕು. ಕೋಳಿಗೆ ಒಳಗಿನ ಶಾಖ 165 ಡಿಗ್ರಿ, ಕೊಚ್ಚಿದ ಮಾಂಸಕ್ಕೆ 160, ಮೀನಿಗೆ 145. ಕುರಿ, ಹಂದಿಗಳ ಇಡೀ ತುಂಡುಗಳಿಗೆ 145 ಡಿಗ್ರಿಯಾಗಿ ಮೂರು ನಿಮಿಷ ಬಿಟ್ಟಿರಬೇಕು. ಬೆಂದ ಅಡುಗೆ ಹೊರಗೆ ಎರಡು ಗಂಟೆಗಿಂತ ಹೆಚ್ಚು ಇರಬಾರದು. ಬಿಸಿಲು 90 ಡಿಗ್ರಿ ದಾಟಿದ ದಿನ ಒಂದೇ ಗಂಟೆ. ನಮ್ಮ ವನಭೋಜನಗಳಲ್ಲಿ ಮಾತು ಬೆಳೆದು ಊಟ ಮುಂದೆ ಹೋಗುವುದುಂಟು. ಹೊಗೆಯ ಕೋಳಿ ಆ ಮಾತಿಗೆ ಕಾಯದು. ಸಸ್ಯಾಹಾರಿಗಳು ಪನೀರನ್ನೂ ಇದೇ ಗಡಿಯಾರದಲ್ಲಿ ಅಳೆಯಬೇಕು.

ಕಾಯುವವರು ಯಾರು?

2002ರಲ್ಲಿ ಡೆಟ್ರಾಯಿಟ್, 2008ರಲ್ಲಿ ಶಿಕಾಗೋ ಅಕ್ಕ ಸಮ್ಮೇಳನಗಳಿಗೆ ಆತಿಥ್ಯ ನೀಡಿದವು. ಈ ಸೀಮೆಯಲ್ಲಿ ಕನ್ನಡಿಗರು ಅತಿಥಿಗಳಾಗಿ ಉಳಿದಿಲ್ಲ. ಮನೆ ಕಟ್ಟಿದ್ದೇವೆ, ಮಕ್ಕಳನ್ನು ಬೆಳೆಸಿದ್ದೇವೆ. ನೆಲೆಯೂರಿದವರಿಗೆ ನೆಲದ ಇತಿಹಾಸವೂ ಸ್ವಂತದ್ದಾಗಬೇಕು. ಚಪ್ಪರದ ಕೆಳಗಿನ ಬೆಂಕಿ, ಅಟ್ಟದ ಕೆಳಗಿನ ಒಲೆ, ಇದ್ದಿಲಿನ ಗೋಳ ಇವೆಲ್ಲ ತಾವೇ ಮನುಷ್ಯನನ್ನು ಎಚ್ಚರಿಸುತ್ತಿದ್ದವು: ಕಣ್ಣು ಉರಿಯುತ್ತಿತ್ತು, ಕೈ ಸುಡುತ್ತಿತ್ತು. ಎಲೆಕ್ಟ್ರಿಕ್ ಸ್ಮೋಕರ್ ಆ ಎಚ್ಚರಿಕೆಗಳನ್ನೆಲ್ಲ ಕಿತ್ತುಹಾಕಿ ಕೇವಲ ಸುಖವನ್ನು ನಮ್ಮ ಮುಂದಿಟ್ಟಿದೆ. ಹಿಂದೆ ಬೆಂಕಿಯೇ ಕಲಿಸುತ್ತಿದ್ದ ಜಾಗರೂಕತೆಯನ್ನು ಈಗ ನಾವು ತಿಳಿದು ರೂಢಿಸಿಕೊಳ್ಳಬೇಕಾಗಿದೆ. ಪೆಟ್ಟಿಗೆಗೆ ಗುಂಡಿಯೂ ಗಡಿಯಾರವೂ ಇದ್ದರೂ, ಅದು ಉರಿಯುವಷ್ಟು ಹೊತ್ತು ಮನೆಯ ದೊಡ್ಡವರೊಬ್ಬರು ಹತ್ತಿರದಲ್ಲಿದ್ದು ಕಾಯಲೇಬೇಕು.

ಸದಸ್ಯ ಬಂಧುಗಳು ಈ ವಾರಾಂತ್ಯ ಎರಡು ಕೆಲಸ ಮಾಡಬೇಕೆಂದು ವಿನಂತಿಸುತ್ತೇವೆ. ಹಿತ್ತಿಲಿನ ಔಟ್‌ಲೆಟ್‌ನ ಪರೀಕ್ಷಾ ಗುಂಡಿಯನ್ನೊಮ್ಮೆ ಒತ್ತಿ ನೋಡಿ. ಮಲಗುವ ಕೋಣೆಯ ಬಳಿಯ ಸೂಚಕದ ಬ್ಯಾಟರಿಯನ್ನೊಮ್ಮೆ ಪರೀಕ್ಷಿಸಿ. ನಿಮ್ಮ ಊರಿನ ಅಟ್ಟದಲ್ಲಿ ಏನೇನು ಒಣಗುತ್ತಿತ್ತು, ಅದಕ್ಕೆ ಏನೆಂದು ಹೆಸರಿತ್ತು ಎಂಬುದನ್ನು ಬರೆದು ಕಳುಹಿಸಿದರೆ ಮುಂದಿನ ಸಂಚಿಕೆಯಲ್ಲಿ ಸಂತೋಷದಿಂದ ಪ್ರಕಟಿಸುತ್ತೇವೆ.